ಡ್ಯಾನ್ಯೂಬ್ ದಂಡೆಯ ಚಳಿಗಾಲದ ಸಂತೆಗಳು

ಡಿಸೆಂಬರ್ ತಿಂಗಳಿನಲ್ಲಿ ಮಧ್ಯ ಯೂರೋಪಿನ ಸೂರ್ಯ ಬಲು ಜಿಪುಣ. ಬೆಳಿಗ್ಗೆ ಎಂಟರ ಸುಮಾರಿಗೆ ಮಂಜಿನ ಮರೆಯಿಂದ ಇಣುಕುವ ಆತ, ಸಂಜೆ ನಾಲ್ಕರ ಹೊತ್ತಿಗೆಲ್ಲ ಅಂಗಡಿ ಮುಚ್ಚಿಬಿಡುತ್ತಾನೆ. ಹೊಲಗಳು ಬರಿದಾಗಿರುತ್ತವೆ, ಮರಗಳು ಎಲೆಯುದುರಿ ನಿಂತಿರುತ್ತವೆ, ನದಿಯ ನೀರಿಗೆ ಸೀಸದ ಬಣ್ಣ ಬಂದಿರುತ್ತದೆ. ಜನರು ಬಾಗಿಲು ಭದ್ರಪಡಿಸಿಕೊಂಡು ಒಲೆಯ ಬಳಿ ಕುಳಿತಿರಬೇಕಾದ ಈ ಕಾಲದಲ್ಲಿಯೇ ಅಲ್ಲಿನ ಪಟ್ಟಣಗಳು ತಮ್ಮ ಚೌಕಗಳಲ್ಲಿ ದೀಪ ಹಚ್ಚಿ, ಮರದ ಅಂಗಡಿಗಳನ್ನು ಕಟ್ಟಿ, ಸಂತೆ ಹೂಡುತ್ತವೆ. ಕ್ರಿಸ್‌ಮಸ್ ಹಬ್ಬಕ್ಕೆ ಮುಂಚಿನ ನಾಲ್ಕು ವಾರಗಳಿಗೆ ಆಡ್ವೆಂಟ್, ಎಂದರೆ ಆಗಮನದ ಕಾಲ, ಎಂದು ಹೆಸರು. ಆ ನಾಲ್ಕು ವಾರವೂ ಈ ಸಂತೆಗಳಿಗೆ ಸುಗ್ಗಿ.

ಇವನ್ನು ನೋಡಿಬರಲು ರೈಲು ಉಂಟು, ರಸ್ತೆಯೂ ಉಂಟು. ಆದರೆ ಈಚಿನ ದಶಕಗಳಲ್ಲಿ ಯಾತ್ರಿಕರ ಮನಸ್ಸನ್ನು ಸೆಳೆದಿರುವುದು ನದಿಯ ದಾರಿ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಹಡಗು ಹತ್ತಿದವರು ರೆಗೆನ್ಸ್‌ಬರ್ಗ್, ಪಾಸೌ, ವಿಯೆನ್ನಾ, ಬ್ರಾಟಿಸ್ಲಾವಾಗಳನ್ನು ನೋಡುತ್ತ ಸುಮಾರು ಒಂದು ವಾರದಲ್ಲಿ ಹಂಗೆರಿಯ ಬುಡಾಪೆಸ್ಟನ್ನು ಮುಟ್ಟುತ್ತಾರೆ. ಪೆಟ್ಟಿಗೆ ಬಿಚ್ಚುವುದು ಒಮ್ಮೆ, ಕಟ್ಟುವುದು ಒಮ್ಮೆ. ರಾತ್ರಿ ಮಲಗಿದಾಗ ಒಂದು ಊರು, ಬೆಳಿಗ್ಗೆ ಕಿಟಕಿಯ ಪರದೆ ಸರಿಸಿದಾಗ ಇನ್ನೊಂದು ಊರು. ಈ ಪಟ್ಟಣಗಳೆಲ್ಲ ನದಿಯ ಮಡಿಲಲ್ಲಿ ಹುಟ್ಟಿ ಬೆಳೆದವು. ಆದ್ದರಿಂದ ಅನೇಕ ಕಡೆ ಹಡಗಿನಿಂದ ಇಳಿದು ಸ್ವಲ್ಪ ದೂರ ನಡೆದರೆ ಸಾಕು, ಸಂತೆಯ ಬೆಳಕು ಎದುರಾಗುತ್ತದೆ.

ಆ ಬೆಳಕು ಮನೋಹರವಾದುದು, ಅದರಲ್ಲಿ ಸಂದೇಹವಿಲ್ಲ. ಆದರೆ ಬೆಳಕನ್ನಷ್ಟೇ ನೋಡಿ ಹಿಂದಿರುಗಿದವನು ಈ ಸಂತೆಗಳ ಅರ್ಧ ಕಥೆಯನ್ನು ದಡದಲ್ಲಿಯೇ ಬಿಟ್ಟು ಬಂದಂತೆ. ಸಂತೆಯೆಂದರೆ ಹೊರಗಿನ ಸರಕು ಊರೊಳಗೆ ಬರುವ ಬಾಗಿಲು. ಸರಕು ಬಂದಂತೆ ಮನುಷ್ಯರೂ ಬರುತ್ತಾರೆ. ಬಂದ ಸರಕನ್ನು ಸಂತೋಷದಿಂದ ಕೊಂಡ ಊರು ಬಂದ ಮನುಷ್ಯನನ್ನು ಹೇಗೆ ಕಂಡಿತು? ಈ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಹೊರಟರೆ ಡ್ಯಾನ್ಯೂಬಿನ ಯಾತ್ರೆಗೆ ಬೇರೆಯೇ ಒಂದು ಅರ್ಥ ಬರುತ್ತದೆ.

ಮರ ಮತ್ತು ಬಟ್ಟೆಯ ಪುಟ್ಟ ನಗರ

ನ್ಯೂರೆಂಬರ್ಗಿನ ಸಂತೆಗೆ 'ಕ್ರಿಸ್ಟ್‌ಕಿಂಡ್ಲೆಸ್ ಮಾರ್ಕ್ಟ್' ಎಂದು ಹೆಸರು. ಬಾಲಯೇಸುವಿನ ಪೇಟೆ ಎಂದು ಅರ್ಥ. ಈ ಪೇಟೆಯ ಹುಟ್ಟು ಎಂದಾಯಿತೆಂದು ಹೇಳುವ ಶಾಸನವೇನೂ ಇಲ್ಲ. ಅದರ ಅತ್ಯಂತ ಹಳೆಯ ಸಾಕ್ಷಿ ಒಂದು ಪುಟ್ಟ ಪೆಟ್ಟಿಗೆ! ತೆಳುವಾದ ಮರದ ಪಟ್ಟಿಯನ್ನು ಬಾಗಿಸಿ ಮಾಡಿ, ಮೇಲೆ ಹೂವಿನ ಚಿತ್ರ ಬರೆದ ಆ ಪೆಟ್ಟಿಗೆಯನ್ನು ಯಾರೋ ಒಬ್ಬಾಕೆ ಇನ್ನೊಬ್ಬಾಕೆಗೆ ಉಡುಗೊರೆಯಾಗಿ ಕಳುಹಿಸಿದ್ದಳು. ಅದು ಮಕ್ಕಳ ಪೇಟೆಯಿಂದ ೧೬೨೮ರಲ್ಲಿ ಕಳುಹಿಸಿದ್ದೆಂಬ ಬರಹ ಅದರ ತಳದಲ್ಲಿದೆ. ಇಂದು ಅದು ಅದೇ ನಗರದ ಜರ್ಮನ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಭದ್ರವಾಗಿದೆ. ದೊರೆಗಳ ದಾನಪತ್ರಗಳು ಹೇಳದ್ದನ್ನು ಒಂದು ಉಡುಗೊರೆಯ ಪೆಟ್ಟಿಗೆ ಉಳಿಸಿಕೊಟ್ಟಿತು.

ಆಡ್ವೆಂಟಿನ ಮೊದಲನೆಯ ಭಾನುವಾರಕ್ಕೆ ಮುಂಚಿನ ಶುಕ್ರವಾರ, ಸಂಜೆ ಐದೂವರೆಗೆ, ನಗರದ ಮುಖ್ಯ ಚೌಕ ಜನರಿಂದ ಕಿಕ್ಕಿರಿಯುತ್ತದೆ. ದೀಪಗಳು ಆರುತ್ತವೆ. ಚೌಕದ ಅಂಚಿನಲ್ಲಿರುವ ಫ್ರೌವೆನ್‌ಕಿರ್ಷೆ, ಎಂದರೆ ಮಾತೆ ಮೇರಿಯ ದೇವಾಲಯದ ಮುಖಮಂಟಪದ ಮೇಲೆ, ಚಿನ್ನದ ಕಿರೀಟ ಧರಿಸಿ, ಬಿಳಿ ಮತ್ತು ಹೊನ್ನಬಣ್ಣದ ಉಡುಪು ತೊಟ್ಟ ಒಬ್ಬ ಹುಡುಗಿ ಕಾಣಿಸಿಕೊಳ್ಳುತ್ತಾಳೆ. ಆಕೆಯೇ ಕ್ರಿಸ್ಟ್‌ಕಿಂಟ್. ಹಬ್ಬಕ್ಕೆ ಎಲ್ಲರನ್ನೂ ಕರೆಯುವ ಪದ್ಯವೊಂದನ್ನು ಆಕೆ ಹೇಳಿ ಮುಗಿಸುತ್ತಿದ್ದಂತೆಯೇ ಸಂತೆ ಆರಂಭ. ೧೯೬೯ರಿಂದೀಚೆಗೆ ನಗರದ ಹುಡುಗಿಯರಲ್ಲಿಯೇ ಒಬ್ಬಳನ್ನು ಎರಡು ವರ್ಷಗಳಿಗೊಮ್ಮೆ ಈ ಸ್ಥಾನಕ್ಕೆ ಆರಿಸುವ ಪದ್ಧತಿ ನಡೆದುಬಂದಿದೆ. ವಯಸ್ಸು ಹದಿನಾರರಿಂದ ಹತ್ತೊಂಬತ್ತರ ನಡುವೆ ಇರಬೇಕು. ಜೊತೆಗೆ, ಎತ್ತರದ ಮಂಟಪವನ್ನು ಏರಬೇಕಾದ್ದರಿಂದ, ಎತ್ತರಕ್ಕೆ ಅಂಜುವ ಸ್ವಭಾವ ಇರಕೂಡದು!

ಅಂಗಡಿಗಳ ಸಂಖ್ಯೆ ಸುಮಾರು ೧೮೦. ಮರದ ಕಟ್ಟು, ಮೇಲೆ ಕೆಂಪು ಬಿಳಿ ಪಟ್ಟೆಯ ಬಟ್ಟೆಯ ಸೂರು. ಅದಕ್ಕೇ ಜನ ಇದನ್ನು ಮರ ಮತ್ತು ಬಟ್ಟೆಯ ನಗರ ಎಂದು ಅಕ್ಕರೆಯಿಂದ ಕರೆಯುತ್ತಾರೆ. ಇಲ್ಲಿ ಪ್ಲಾಸ್ಟಿಕ್ಕಿನ ತೋರಣ ಕಟ್ಟುವಂತಿಲ್ಲ. ಯಂತ್ರದ ಸಂಗೀತವನ್ನು ಅಂಗಡಿಯಿಂದ ಅಂಗಡಿಗೆ ಬಿತ್ತರಿಸುವಂತಿಲ್ಲ. ಮಾರುವವರ ಬಗೆಗೂ ಊರು ಹಿಂದಿನಿಂದ ಕಟ್ಟುನಿಟ್ಟು. ೧೭೩೭ರ ಪಟ್ಟಿಯೊಂದರಲ್ಲಿ ಇಲ್ಲಿ ಮಾರುವ ಹಕ್ಕುಳ್ಳ ಸುಮಾರು ೧೪೦ ಮಂದಿಯ ಹೆಸರುಗಳಿವೆ. ನಗರದ ಬಹುಪಾಲು ಎಲ್ಲ ಕಸುಬಿನವರೂ ಅದರಲ್ಲಿದ್ದರು.

ಒಂದೊಂದು ಅಂಗಡಿಯ ಮುಂದೆಯೂ ಒಂದೊಂದು ಕೌತುಕ. ಒಣಗಿಸಿದ ಪ್ಲಮ್ ಹಣ್ಣುಗಳನ್ನು ತಂತಿಗೆ ಪೋಣಿಸಿ ಕೈಕಾಲು ಮಾಡಿ, ಅಕ್ರೋಟಿನ ಕಾಯನ್ನು ತಲೆಯಾಗಿಸಿ, ಬಟ್ಟೆ ತೊಡಿಸಿದ ಪುಟ್ಟ ಮನುಷ್ಯರು; ತೆಳುವಾದ ಹಿತ್ತಾಳೆಯ ತಗಡನ್ನು ನಿರಿಗೆ ಹಿಡಿದು ಮಾಡಿದ ಹೊನ್ನಿನ ದೇವದೂತರು; ಮೇಣದ ಬತ್ತಿಯ ಬಿಸಿಗಾಳಿಗೆ ತಾವಾಗಿ ತಿರುಗುವ ಮರದ ಗೋಪುರಗಳು. ಈ ಮರದ ಕೆಲಸದಲ್ಲಿ ಬಹುಪಾಲು ಸ್ಯಾಕ್ಸನಿಯ 'ಅದಿರಿನ ಬೆಟ್ಟ'ಗಳಿಂದ ಬಂದದ್ದು. ಅಲ್ಲಿನ ಸೈಫೆನ್ ಮೊದಲಾದ ಹಳ್ಳಿಗಳ ಜನ ಹಿಂದೆ ಗಣಿ ಕೆಲಸದವರು. ಭೂಗರ್ಭದ ಅದಿರು ಕ್ಷೀಣಿಸಿದಾಗ ಹೊಟ್ಟೆಪಾಡಿಗಾಗಿ ಕಾಡಿನ ಮರಕ್ಕೆ ಕೈಯಿಟ್ಟರು. ಚಳಿಗಾಲದಲ್ಲಿ ಕತ್ತಲಿರುವಾಗ ಗಣಿಗಿಳಿದು ಕತ್ತಲಾದ ಮೇಲೆ ಮೇಲೆ ಬರುತ್ತಿದ್ದವರಿಗೆ ಬೆಳಕೆಂದರೆ ಎಂಥ ಹಂಬಲವಿದ್ದಿರಬೇಕು! ಅವರ ಕಿಟಕಿಗಳಲ್ಲಿ ದೀಪದ ಕಮಾನುಗಳು ಬೆಳಗುವುದರ ಗುಟ್ಟು ಇದೇ ಎಂದು ಹೇಳುತ್ತಾರೆ.

ಮೆಣಸಿನ ದಾರಿ

ಚೌಕದಲ್ಲಿ ಕಣ್ಣು ಮುಚ್ಚಿ ನಿಂತರೂ ಇದು ಯಾವ ಸಂತೆಯೆಂದು ಮೂಗು ಹೇಳಿಬಿಡುತ್ತದೆ. ಒಂದು ಕಡೆ ಕೆಂಪು ದ್ರಾಕ್ಷಾರಸವನ್ನು ದಾಲ್ಚಿನ್ನಿ, ಲವಂಗ, ಕಿತ್ತಳೆ ಹಣ್ಣಿನೊಡನೆ ಕಾಯಿಸುತ್ತಿರುತ್ತಾರೆ. ಇದಕ್ಕೆ ಗ್ಲೂವೈನ್ ಎಂದು ಹೆಸರು. ಮದ್ಯ ಬೇಡವೆನ್ನುವವರಿಗೂ ಮಕ್ಕಳಿಗೂ ಹಣ್ಣಿನ ರಸವನ್ನೇ ಹೀಗೆ ಕಾಯಿಸಿ ಕೊಡುವುದುಂಟು. ಇನ್ನೊಂದು ಕಡೆ ಈ ಊರಿನ ಹೆಮ್ಮೆಯ ತಿನಿಸಾದ ಲೇಬ್‌ಕೂಹನ್. ಜೇನು, ಬಾದಾಮಿ ಮೊದಲಾದ ಬೀಜಗಳು, ಸಕ್ಕರೆಪಾಕದಲ್ಲಿ ನೆನೆದ ಕಿತ್ತಳೆ ಸಿಪ್ಪೆ, ಇವುಗಳ ಮೇಲೆ ಏಲಕ್ಕಿ, ಶುಂಠಿ, ಜಾಯಿಕಾಯಿ, ಲವಂಗಗಳ ಮಸಾಲೆ ಬೆರೆಸಿ ಸುಟ್ಟ ದುಂಡನೆಯ ಬಿಲ್ಲೆ. ಅತ್ಯುತ್ತಮ ಜಾತಿಯದಕ್ಕೆ 'ಎಲಿಸೆನ್' ಎಂಬ ಹೆಸರು. ಅದರಲ್ಲಿ ಹಿಟ್ಟು ನೂರಕ್ಕೆ ಹತ್ತು ಪಾಲನ್ನು ಮೀರಕೂಡದು. ನ್ಯೂರೆಂಬರ್ಗಿನ ಹೊರಗೆ ಮಾಡಿದ್ದನ್ನು ನ್ಯೂರೆಂಬರ್ಗಿನ ಲೇಬ್‌ಕೂಹನ್ ಎಂದು ಮಾರಲು ಐರೋಪ್ಯ ಒಕ್ಕೂಟದ ಕಾನೂನು ೧೯೯೬ರಿಂದ ಬಿಡುವುದಿಲ್ಲ.

ಜೇನು ಊರಿನ ಸುತ್ತಲ ಕಾಡಿನದು. ನಡುಯುಗದಲ್ಲಿ ಆ ಕಾಡು ಸಾಮ್ರಾಜ್ಯದ ಜೇನುತೋಟವೆಂದೇ ಖ್ಯಾತವಾಗಿತ್ತು. ಆದರೆ ಏಲಕ್ಕಿ? ಶುಂಠಿ? ಮೆಣಸು? ಇಲ್ಲಿಯೇ ಕನ್ನಡ ವಾಚಕರು ಒಂದು ಕ್ಷಣ ನಿಲ್ಲಬೇಕು. ಇವು ನಮ್ಮ ಸಹ್ಯಾದ್ರಿಯ ಮಡಿಲಿನ ಬೆಳೆಗಳು. ದಾಲ್ಚಿನ್ನಿ ಸಿಂಹಳದ್ದು, ಲವಂಗ, ಜಾಯಿಕಾಯಿ ಇನ್ನೂ ಪೂರ್ವದ ಮಲುಕು ದ್ವೀಪಗಳವು. ಪಶ್ಚಿಮ ಕರಾವಳಿಯ ಬಂದರುಗಳಿಂದ ಅರಬ್ಬೀ ಸಮುದ್ರ ದಾಟಿ, ಈಜಿಪ್ಟಿನ ಮೂಲಕ ವೆನಿಸ್ಸಿಗೆ ಹೋಗಿ, ಅಲ್ಲಿಂದ ಹೇರುಕುದುರೆಗಳ ಬೆನ್ನಿನ ಮೇಲೆ ಆಲ್ಪ್ಸ್ ಪರ್ವತ ಹಾದು, ಮೂಟೆಗಳು ನ್ಯೂರೆಂಬರ್ಗಿನ ವರ್ತಕರ ಉಗ್ರಾಣ ಸೇರುತ್ತಿದ್ದವು. ಇದೇ ನಗರದಲ್ಲಿ ೧೪೯೨ರಲ್ಲಿ ಮಾರ್ಟಿನ್ ಬೆಹೈಮ್ ಮಾಡಿಸಿದ ಭೂಗೋಲ ಇಂದಿಗೂ ಉಳಿದಿದೆ. ಉಳಿದುಬಂದಿರುವ ಭೂಗೋಲಗಳಲ್ಲಿ ಅದೇ ಅತಿ ಹಳೆಯದು. ಅದರ ಮೇಲೆ, ಸಾಂಬಾರ ಪದಾರ್ಥಗಳು ಎಷ್ಟು ಕೈ ಬದಲಿಸಿ, ಎಷ್ಟು ಕಡೆ ಸುಂಕ ತೆತ್ತು ತಮ್ಮ ದೇಶಕ್ಕೆ ಬರುತ್ತವೆಂಬುದನ್ನು ವಿವರವಾಗಿ ಬರೆದಿದ್ದಾರೆ. ಮೆಣಸು ಏಕೆ ಇಷ್ಟು ದುಬಾರಿಯೆಂದು ಕೊರಗುವವನಿಗೆ ಭೂಪಟವೇ ಉತ್ತರ ಕೊಟ್ಟಂತಾಯಿತು. ಮಸಾಲೆಯನ್ನೆಲ್ಲ ಒಟ್ಟಾಗಿ 'ಮೆಣಸು' ಎಂದು ಕರೆಯುತ್ತಿದ್ದ ಆ ಕಾಲದಲ್ಲಿ ಈ ತಿನಿಸಿಗೂ 'ಮೆಣಸಿನ ರೊಟ್ಟಿ' ಎಂಬ ಹೆಸರಿತ್ತು. ಶ್ರೀಮಂತ ವರ್ತಕನಿಗೆ 'ಮೆಣಸಿನ ಮೂಟೆ' ಎಂಬ ಅಡ್ಡಹೆಸರು!

ಕೈ ಬದಲಾವಣೆಯ ಖರ್ಚು ತಪ್ಪಿಸಲು ಆ ಮೂಟೆಗಳ ಒಡೆಯರು ತಾವೇ ಸಮುದ್ರಕ್ಕೆ ಕೈಚಾಚಿದರು. ೧೫೦೫ರಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡನ ನೇತೃತ್ವದಲ್ಲಿ ಲಿಸ್ಬನ್ನಿನಿಂದ ಹೊರಟ ಪೋರ್ಚುಗೀಸ್ ನೌಕಾಪಡೆಯಲ್ಲಿ ಮೂರು ಹಡಗುಗಳಿಗೆ ಹಣ ಹೂಡಿದವರಲ್ಲಿ ಆಗ್ಸ್‌ಬರ್ಗ್ ಮತ್ತು ನ್ಯೂರೆಂಬರ್ಗಿನ ವರ್ತಕ ಮನೆತನಗಳಿದ್ದವು. ಆ ಪಡೆ ಭಾರತದಲ್ಲಿ ಮೊದಲು ಲಂಗರು ಹಾಕಿ ಕೋಟೆ ಕಟ್ಟಿದ್ದು ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. ಮುಂದೆ ಅದು ಹೊನ್ನಾವರದ ಬಂದರಿನಲ್ಲಿದ್ದ ಹಡಗುಗಳಿಗೆ ಬೆಂಕಿಯಿಟ್ಟಿತು. ವರ್ತಕರ ಪ್ರತಿನಿಧಿಯಾಗಿ ಜೊತೆಯಲ್ಲಿ ಬಂದ ಬಾಲ್ತಾಸರ್ ಸ್ಪ್ರಿಂಗರ್ ಎಂಬಾತ ತಾನು ಕಂಡದ್ದನ್ನು ಬರೆದು ೧೫೦೯ರಲ್ಲಿ ಅಚ್ಚು ಹಾಕಿಸಿದ. ಅದೇ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು. ಹಬ್ಬದ ಬಿಲ್ಲೆಯ ಪರಿಮಳದಲ್ಲಿ ದೂರದ ಊರುಗಳ ಹೊಗೆಯ ವಾಸನೆಯೂ ಬೆರೆತಿದೆ ಎಂದರೆ ತಪ್ಪಾಗಲಾರದು.

ಚೌಕದ ಅಡಿಯ ನೆಲ

ಮೆಣಸು ಬಂದಾಗ ಬಾಗಿಲು ತೆರೆದ ಊರು ಮನುಷ್ಯರ ವಿಷಯದಲ್ಲಿ ಹಾಗಿರಲಿಲ್ಲ. ಇಂದು ಸಂತೆ ಕೂಡುವ ಮುಖ್ಯ ಚೌಕ ಒಂದಾನೊಂದು ಕಾಲದಲ್ಲಿ ಯಹೂದಿಗಳ ಕೇರಿ. ನಗರಕ್ಕೆ ವಿಶಾಲವಾದ ಪೇಟೆ ಬೇಕಾಯಿತು. ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ ಮನೆಗಳನ್ನು ಕೆಡವಲು ಅಪ್ಪಣೆ ಕೊಟ್ಟ. ೧೩೪೯ರ ಡಿಸೆಂಬರ್ ೫ರಂದು, ಆಡ್ವೆಂಟಿನ ದಿನಗಳಲ್ಲಿಯೇ, ಐನೂರಕ್ಕೂ ಹೆಚ್ಚು ಯಹೂದಿಗಳನ್ನು ಕೊಂದರು. ಅವರ ಪ್ರಾರ್ಥನಾ ಮಂದಿರವಿದ್ದ ಜಾಗದಲ್ಲಿ ಎದ್ದದ್ದೇ ಫ್ರೌವೆನ್‌ಕಿರ್ಷೆ. ಕ್ರಿಸ್ಟ್‌ಕಿಂಟ್ ನಿಂತು ಹಬ್ಬಕ್ಕೆ ಕರೆಯುವ ಮಂಟಪ ಅದೇ ದೇವಾಲಯದ್ದು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಂತೆ ಈ ಚೌಕವನ್ನು ಬಿಟ್ಟು ಬೇರೆ ಬೇರೆ ಜಾಗಗಳಲ್ಲಿ ಅಲೆದಿತ್ತು. ಅದನ್ನು ಹಿಂದಕ್ಕೆ ತಂದವರು ನಾಜಿಗಳು. ಆಗ ಚೌಕಕ್ಕೆ ಹಿಟ್ಲರನ ಹೆಸರಿಟ್ಟಿದ್ದರು. ದೇವಾಲಯದ ಮಂಟಪದಿಂದ ಕ್ರಿಸ್ಟ್‌ಕಿಂಟ್ ವೇಷದ ತರುಣಿ ಪದ್ಯ ಹೇಳುವ ಕ್ರಮ ೧೯೩೩ರ ಡಿಸೆಂಬರಿನಲ್ಲಿ ಅವರು ಹೂಡಿದ ಸಮಾರಂಭದಿಂದ ಬಂದದ್ದು ಎಂಬುದನ್ನು ನಗರ ಇಂದು ಬಚ್ಚಿಡುವುದಿಲ್ಲ. ಯುದ್ಧ ಬಂತು, ಸಂತೆ ನಿಂತಿತು. ೧೯೪೫ರ ಜನವರಿ ೨ರ ರಾತ್ರಿಯ ಬಾಂಬಿನ ಮಳೆಗೆ ಹಳೆಯ ಪಟ್ಟಣ ಬಹುಪಾಲು ಬೂದಿಯಾಯಿತು. ೧೯೪೮ರಲ್ಲಿ, ಸುತ್ತಲೂ ಅವಶೇಷಗಳ ರಾಶಿ ಇರುವಾಗಲೇ, ಜನ ಮತ್ತೆ ಅಂಗಡಿ ಕಟ್ಟಿದರು. ಫ್ರೀಡ್ರಿಶ್ ಬ್ರ್ಯೋಗರ್ ಹೊಸದೊಂದು ಪದ್ಯ ಬರೆದುಕೊಟ್ಟ. ವೇಷ ಹಳೆಯದೇ ಉಳಿಯಿತು, ಮಾತು ಬದಲಾಯಿತು.

ಮಾತು ಬದಲಾದರೆ ಮನಸ್ಸು ಬದಲಾಯಿತೆ? ಆ ಪರೀಕ್ಷೆ ೨೦೧೯ರಲ್ಲಿ ಎದುರಾಯಿತು. ಆ ವರ್ಷ ಆರಿಸಲ್ಪಟ್ಟ ಹದಿನೇಳು ವರ್ಷದ ಹುಡುಗಿ ನ್ಯೂರೆಂಬರ್ಗಿನಲ್ಲಿಯೇ ಹುಟ್ಟಿದವಳು. ತಾಯಿ ಜರ್ಮನ್, ತಂದೆ ಭಾರತ ಮೂಲದವರು. ಆಕೆಯ ಮೈಬಣ್ಣವನ್ನೂ ವಂಶವನ್ನೂ ಮನಸ್ಸಿನಲ್ಲಿಟ್ಟುಕೊಂಡು ರಾಜಕೀಯ ಪಕ್ಷವೊಂದರ ಸ್ಥಳೀಯ ಘಟಕ ಕುಚೋದ್ಯದ ಮಾತನ್ನು ಪ್ರಕಟಿಸಿತು. ನಗರ ಸುಮ್ಮನಿರಲಿಲ್ಲ. ಮೇಯರ್ ಮೊದಲ್ಗೊಂಡು ಬೇರೆ ಬೇರೆ ಪಕ್ಷಗಳವರೂ ಸಾಮಾನ್ಯ ಜನರೂ ಹುಡುಗಿಯ ಪರವಾಗಿ ನಿಂತರು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ನವೆಂಬರಿನ ಆ ಸಂಜೆ, ೧೩೪೯ರ ನೆಲದ ಮೇಲೆ, ೧೯೩೩ರಲ್ಲಿ ಹುಟ್ಟಿದ ವೇಷದಲ್ಲಿ, ಭಾರತೀಯ ತಂದೆಯ ಮಗಳು ನಿಂತು ಊರಿಗೆ ಊರನ್ನೇ ಹಬ್ಬಕ್ಕೆ ಕರೆದಳು. ಮುಂದಿನ ೨೦೨೦ ಮತ್ತು ೨೦೨೧ರಲ್ಲಿ ಕೊರೊನಾ ರೋಗದ ಕಾರಣದಿಂದ ಸಂತೆಯೇ ನಡೆಯಲಿಲ್ಲ. ಆದರೆ ಆ ಒಂದು ಸಂಜೆ ನಡೆದದ್ದನ್ನು ಯಾರೂ ಅಳಿಸಲಾರರು.

ಬೆಟ್ಟ ಹತ್ತುವ ಹಡಗು

ನ್ಯೂರೆಂಬರ್ಗ್ ಡ್ಯಾನ್ಯೂಬಿನ ದಂಡೆಯಲ್ಲಿಲ್ಲ. ಅಲ್ಲಿಂದ ಹೊರಟ ಹಡಗು ಮೊದಲು ಮೈನ್-ಡ್ಯಾನ್ಯೂಬ್ ಕಾಲುವೆಯಲ್ಲಿ ಸಾಗಬೇಕು. ಉತ್ತರ ಸಮುದ್ರದ ಕಡೆ ಹರಿಯುವ ನೀರನ್ನೂ ಕಪ್ಪು ಸಮುದ್ರದ ಕಡೆ ಹರಿಯುವ ನೀರನ್ನೂ ಕೂಡಿಸಬೇಕೆಂಬ ಹಂಬಲ ಬಹಳ ಹಳೆಯದು. ಷಾರ್ಲ್‌ಮೇನ್ ಚಕ್ರವರ್ತಿ ೭೯೩ರಲ್ಲಿಯೇ ಅಗೆಸಲು ತೊಡಗಿದ್ದ. ಅದು ಇಂದಿನ ರೂಪದಲ್ಲಿ ಕೈಗೂಡಿದ್ದು ೧೯೯೨ರಲ್ಲಿ. ಉದ್ದ ೧೭೧ ಕಿಲೋಮೀಟರು. ನಡುವೆ ಬೆಟ್ಟ! ಹಡಗು ಬೆಟ್ಟ ಹತ್ತುವುದೆಂತು?

ಅದಕ್ಕಾಗಿ ಲಾಕ್ ಎಂಬ ನೀರಿನ ಕೋಣೆಗಳಿವೆ. ಎರಡು ತುದಿಗೂ ಭಾರಿ ಬಾಗಿಲು. ಹಡಗು ಒಳಕ್ಕೆ ಬಂದೊಡನೆ ಹಿಂದಿನ ಬಾಗಿಲು ಮುಚ್ಚುತ್ತದೆ. ಕೋಣೆಗೆ ನೀರು ತುಂಬುತ್ತದೆ. ನೀರಿನೊಡನೆ ಹಡಗೂ ಏರುತ್ತದೆ. ಆಮೇಲೆ ಮುಂದಿನ ಬಾಗಿಲು ತೆರೆಯುತ್ತದೆ. ಮೂರು ಕಡೆ ಒಂದೊಂದೇ ನೆಗೆತಕ್ಕೆ ಸುಮಾರು ೨೫ ಮೀಟರಿನಷ್ಟು ಏರಿಸುವ ಕೋಣೆಗಳಿವೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಮುದ್ರಮಟ್ಟದಿಂದ ೪೦೬ ಮೀಟರು ಎತ್ತರಕ್ಕೆ ಏರಿ, ಜಲವಿಭಾಜಕ ರೇಖೆಯನ್ನು ದಾಟಿ, ಮತ್ತೆ ಇಳಿದು ಕೆಲ್ಹೈಮಿನ ಬಳಿ ಡ್ಯಾನ್ಯೂಬನ್ನು ಸೇರಬೇಕು. ಕೋಣೆಯ ಅಗಲ ೧೨ ಮೀಟರು. ಹಡಗಿನ ಅಗಲ ಹನ್ನೊಂದೂವರೆಗೆ ತುಸು ಕಡಿಮೆ. ಕ್ಯಾಬಿನ್ನಿನ ಕಿಟಕಿಯಿಂದ ಕೈ ಚಾಚಿದರೆ ಒದ್ದೆ ಗೋಡೆ ಸಿಗುವಂತಿರುತ್ತದೆ. ತಗ್ಗು ಸೇತುವೆಗಳು ಬಂದಾಗ ಚಾಲಕನ ಕೋಣೆಯೇ ಕೆಳಕ್ಕೆ ಇಳಿಯುತ್ತದೆ. ಮೇಲ್ಮಾಳಿಗೆಯ ಕಟಕಟೆಗಳನ್ನು ಮಡಚಿಡುತ್ತಾರೆ.

ನದಿಯೂ ಸದಾ ಹೇಳಿದಂತೆ ಕೇಳುವುದಿಲ್ಲ. ನೀರು ಏರಿದರೆ ಸೇತುವೆಯ ಕೆಳಗೆ ದಾರಿಯಿಲ್ಲ. ಇಳಿದರೆ ತಳ ತಾಗುತ್ತದೆ. ಅಂಥ ದಿನಗಳಲ್ಲಿ ಯಾತ್ರಿಕರನ್ನು ಬಸ್ಸಿನಲ್ಲಿ ಮುಂದಿನ ಊರಿಗೆ ಸಾಗಿಸುವುದುಂಟು. ನದಿಯಾತ್ರೆಗೆ ಹೊರಡುವವರು ಇದಕ್ಕೆ ಮನಸ್ಸನ್ನು ಸಿದ್ಧಪಡಿಸಿಕೊಂಡಿರುವುದು ಲೇಸು.

ಕಲ್ಲಿನ ಸೇತುವೆ, ಬಿಳಿಯ ಕಲ್ಲಿನ ನೆನಪು

ರೆಗೆನ್ಸ್‌ಬರ್ಗಿನ ಕಲ್ಲಿನ ಸೇತುವೆಯನ್ನು ಕಟ್ಟಲು ತೊಡಗಿದ್ದು ೧೧೩೫ರಲ್ಲಿ. ಸುಮಾರು ಒಂಬತ್ತು ಶತಮಾನಗಳ ವರ್ತಕರ ಹೆಜ್ಜೆಯನ್ನು ಹೊತ್ತ ಅದರ ಕಮಾನುಗಳು ತಗ್ಗು. ದೊಡ್ಡ ಹಡಗುಗಳಿಗೆ ಅಲ್ಲಿ ಪ್ರವೇಶವಿಲ್ಲ. ಅವು ಪಕ್ಕದ ಕಾಲುವೆಯಲ್ಲಿ ಬಳಸಿಕೊಂಡು ಹೋಗುತ್ತವೆ. ಸೇತುವೆಯ ಬುಡದಲ್ಲಿ, ಇದ್ದಲಿನ ಬೆಂಕಿಯ ಮೇಲೆ ಮಾಂಸದ ಸಾಸೇಜು ಸುಟ್ಟು ಕೊಡುವ ಹಳೆಯ ಅಡುಗೆಮನೆಯೊಂದಿದೆ. ಅದರ ಹೊಗೆ ಚಳಿಗಾಲದ ಮಂಜಿನೊಡನೆ ಬೆರೆತು ನದಿಯ ಮೇಲೆ ತೇಲುತ್ತದೆ.

ಇಲ್ಲಿನ ಕ್ರಿಸ್‌ಮಸ್ ಸಂತೆ ಕೂಡುವುದು ನೊಯ್‌ಫಾರ್‌ಪ್ಲಾಟ್ಸ್ ಎಂಬ ಚೌಕದಲ್ಲಿ. ನ್ಯೂರೆಂಬರ್ಗಿನ ಕಥೆಯೇ ಇಲ್ಲಿ ಮರುಕಳಿಸಿದಂತೆ ಕಾಣುತ್ತದೆ. ಇದೂ ಯಹೂದಿಗಳ ಕೇರಿಯಾಗಿತ್ತು. ೧೫೧೯ರಲ್ಲಿ ಅವರನ್ನು ಊರಿನಿಂದ ಅಟ್ಟಿ ಪ್ರಾರ್ಥನಾ ಮಂದಿರವನ್ನು ಕೆಡವಿದರು. ಆದರೆ ಇಲ್ಲಿ ನೆಲ ತನ್ನ ಮೌನವನ್ನು ಮುರಿದಿದೆ. ಕೆಡವಿದ ಮಂದಿರದ ತಳವಿನ್ಯಾಸವನ್ನು ಶಿಲ್ಪಿ ಡ್ಯಾನಿ ಕರವಾನ್ ಬಿಳಿಯ ಕಲ್ಲಿನಲ್ಲಿ ಚೌಕದ ನೆಲದ ಮೇಲೆಯೇ ಮೂಡಿಸಿದ್ದಾರೆ. ೨೦೦೫ರಲ್ಲಿ ಅದು ಜನರಿಗೆ ತೆರೆಯಿತು. ಅದಕ್ಕೆ ಬೇಲಿಯಿಲ್ಲ, ಕಾವಲಿಲ್ಲ. ಜನ ಅದರ ಮೆಟ್ಟಿಲುಗಳ ಮೇಲೆ ಕುಳಿತು ಮಾತಾಡುತ್ತಾರೆ, ಮಕ್ಕಳು ಆಡುತ್ತಾರೆ. ನೆನಪನ್ನು ದಿನದ ಬದುಕಿನೊಳಗೇ ಇಟ್ಟುಕೊಳ್ಳುವ ಬಗೆ ಇದು.

ಮೂರು ನದಿಗಳ ಸಂಗಮ

ಪಾಸೌ ಪಟ್ಟಣದಲ್ಲಿ ಡ್ಯಾನ್ಯೂಬಿಗೆ ಒಂದು ಕಡೆಯಿಂದ ಇನ್, ಇನ್ನೊಂದು ಕಡೆಯಿಂದ ಇಲ್ಜ್ ಬಂದು ಸೇರುತ್ತವೆ. ಪುರಭವನದ ಗೋಡೆಯ ಮೇಲೆ ಪ್ರವಾಹದ ಗುರುತುಗಳಿವೆ. ೨೦೧೩ರ ಜೂನ್ ತಿಂಗಳಿನಲ್ಲಿ ನೀರು ೧೨.೮೯ ಮೀಟರಿಗೆ ಏರಿತು. ೧೫೦೧ರಿಂದೀಚೆಗೆ ಅಷ್ಟು ಎತ್ತರದ ನೀರನ್ನು ಪಟ್ಟಣ ಕಂಡಿರಲಿಲ್ಲ. ಆದ್ದರಿಂದಲೋ ಏನೋ, ಇಲ್ಲಿನ ಕ್ರಿಸ್‌ಮಸ್ ಸಂತೆ ದಂಡೆಯಿಂದ ಮೇಲೆ, ಸಂತ ಸ್ಟೀಫನ್ನರ ಪ್ರಧಾನ ದೇವಾಲಯದ ಮುಂದಿನ ಅಂಗಳದಲ್ಲಿ ನಡೆಯುತ್ತದೆ. ಆ ದೇವಾಲಯದ ಆರ್ಗನ್ ವಾದ್ಯಕ್ಕೆ ಹದಿನೇಳು ಸಾವಿರಕ್ಕೂ ಹೆಚ್ಚು ಕೊಳವೆಗಳು.

ಇನ್ ನದಿ ಒಂಟಿಯಾಗಿ ಬರುವುದಿಲ್ಲ. ಸಾಲ್ಜಾಕ್ ನದಿಯನ್ನು ಕೂಡಿಸಿಕೊಂಡು ಬರುತ್ತದೆ. ಆ ಸಾಲ್ಜಾಕಿನ ದಂಡೆಯಲ್ಲಿ ಓಬರ್ನ್‌ಡಾರ್ಫ್ ಎಂಬ ಹಳ್ಳಿ. ಉಪ್ಪಿನ ದೋಣಿ ನಡೆಸುವವರ ಊರು. ನೆಪೋಲಿಯನ್ನನ ಯುದ್ಧಗಳು ಮುಗಿದು, ಹೊಸ ಗಡಿ ಎಳೆದು, ಹಳ್ಳಿ ಎರಡು ಹೋಳಾಗಿತ್ತು, ಬಡತನ ಮನೆಮಾಡಿತ್ತು. ೧೮೧೮ರ ಡಿಸೆಂಬರ್ ೨೪ರ ರಾತ್ರಿ ಅಲ್ಲಿನ ಪುಟ್ಟ ಗುಡಿಯಲ್ಲಿ ಕಿರಿಯ ಪಾದ್ರಿ ಯೋಸೆಫ್ ಮೋರ್ ಬರೆದ ಒಂದು ಪದ್ಯವನ್ನು ಶಾಲಾ ಉಪಾಧ್ಯಾಯ ಫ್ರಾನ್ಜ್ ಗ್ರೂಬರ್ ರಾಗಕ್ಕೆ ಹೊಂದಿಸಿದ; ಇಬ್ಬರೂ ಗಿಟಾರಿನೊಡನೆ ಹಾಡಿದರು. ಅದೇ ಇಂದು 'ಸೈಲೆಂಟ್ ನೈಟ್' ಎಂದು ಜಗತ್ತೆಲ್ಲ ಹಾಡುವ ಗೀತೆ. ಪ್ರವಾಹಗಳ ಹೊಡೆತಕ್ಕೆ ಸಿಕ್ಕ ಆ ಗುಡಿ ಉಳಿಯಲಿಲ್ಲ, ಹಾಡು ಉಳಿಯಿತು. ಈ ದಂಡೆಯ ಯಾವ ಸಂತೆಗೆ ಹೋದರೂ ಅದು ಕಿವಿಗೆ ಬೀಳುತ್ತದೆ.

ಇಲ್ಲಿಂದ ಮುಂದೆ ದಂಡೆಯ ಫಲಕಗಳನ್ನು ಗಮನಿಸಿ. ಹರಿವಿನ ದಿಕ್ಕಿನಲ್ಲಿ ಹೋದಂತೆ ಡ್ಯಾನ್ಯೂಬಿನಲ್ಲಿ ಅಳತೆ ಇಳಿಯುತ್ತದೆ. ಕಪ್ಪು ಸಮುದ್ರದ ಮುಖದಿಂದ ಮೇಲಕ್ಕೆ ಎಣಿಸುವುದು ಇಲ್ಲಿನ ರೂಢಿ. ಪಾಸೌವಿನ ಬಳಿ ೨೨೦೦ಕ್ಕೂ ಮೇಲಿದ್ದ ಸಂಖ್ಯೆ ವಿಯೆನ್ನಾಕ್ಕೆ ಬರುವಾಗ ಸುಮಾರು ೧೯೩೦, ಬುಡಾಪೆಸ್ಟಿಗೆ ಸುಮಾರು ೧೬೫೦.

ವಿಯೆನ್ನಾದ ದೀಪಗಳು

ಚಳಿಗಾಲದ ಪೇಟೆಗೆ ವಿಯೆನ್ನಾದಲ್ಲಿ ಹದಿಮೂರನೆಯ ಶತಮಾನದ ಕೊನೆಯಲ್ಲಿಯೇ ದೊರೆಯ ಅನುಮತಿ ದೊರೆತಿತ್ತು ಎನ್ನುತ್ತಾರೆ. ಕಾಲಕಾಲಕ್ಕೆ ಜಾಗ ಬದಲಿಸುತ್ತ ಬಂದ ಕ್ರಿಸ್‌ಮಸ್ ಸಂತೆ ೧೯೭೫ರಿಂದ ಪುರಭವನದ ಮುಂದಿನ ಉದ್ಯಾನದಲ್ಲಿ ನೆಲೆಯಾಗಿದೆ. ಮರಮರಕ್ಕೂ ದೀಪದ ಹಣ್ಣುಗಳು ತೂಗುತ್ತವೆ. ಬಿಸಿ ಪಾನೀಯ ಕೊಡುವ ಬಟ್ಟಲಿಗೆ ಮೊದಲು ಠೇವಣಿ ಕೊಡಬೇಕು. ಬಟ್ಟಲು ಹಿಂದಿರುಗಿಸಿದರೆ ಹಣ ವಾಪಸು, ಮನೆಗೆ ಒಯ್ದರೆ ನೆನಪಿನ ಕಾಣಿಕೆ.

ಈ ನಗರದ ಕ್ರಿಸ್‌ಮಸ್ ಮರದ ಕಥೆ ಬಹು ಸ್ವಾರಸ್ಯಕರ. ಇಂದು ಆಸ್ಟ್ರಿಯದ ಮನೆಮನೆಯಲ್ಲಿಯೂ ನಿಲ್ಲುವ ಆ ಮರ ಎರಡು ಶತಮಾನಗಳ ಹಿಂದೆ ವಿಯೆನ್ನಾಕ್ಕೆ ಹೊಸದು. ೧೮೧೪ರಲ್ಲಿ ಅದನ್ನು ತನ್ನ ಮನೆಯಲ್ಲಿ ನಿಲ್ಲಿಸಿ ಅತಿಥಿಗಳನ್ನು ಕರೆದವಳು ಬರ್ಲಿನ್ನಿನಿಂದ ಬಂದು ನೆಲೆಸಿ ವಿದ್ವಾಂಸರಿಗೂ ಸಂಗೀತಗಾರರಿಗೂ ಮನೆಯ ಬಾಗಿಲು ತೆರೆದಿಟ್ಟಿದ್ದ ಫ್ಯಾನಿ ಫಾನ್ ಆರ್ನ್‌ಸ್ಟೈನ್. ಆಕೆ ಯಹೂದಿ! ಬರ್ಲಿನ್ನಿನ ಈ ಹೊಸ ಪದ್ಧತಿಯನ್ನು ಗುಪ್ತ ಪೊಲೀಸರು ವರದಿಯಲ್ಲಿ ಬರೆದಿಟ್ಟದ್ದರಿಂದ ನಮಗೆ ಈ ಸಂಗತಿ ತಿಳಿದಿದೆ. ಹೊರಗಿನಿಂದ ಬಂದವಳು ತಂದ ಹೊರಗಿನ ಆಚಾರ ಇಂದು ಊರಿನ ಸ್ವಂತ ಆಚಾರ.

ಸಂತೆಗಳ ಪ್ರವೇಶದಲ್ಲಿ ಈಗ ಕಾಂಕ್ರೀಟಿನ ದಿಮ್ಮಿಗಳು ಕಾಣುತ್ತವೆ. ೨೦೧೬ರ ಡಿಸೆಂಬರ್ ೧೯ರಂದು ಬರ್ಲಿನ್ನಿನ ಕ್ರಿಸ್‌ಮಸ್ ಸಂತೆಯೊಂದಕ್ಕೆ ಲಾರಿ ನುಗ್ಗಿಸಿದರು. ೨೦೨೪ರ ಡಿಸೆಂಬರ್ ೨೦ರಂದು ಎಲ್ಬ್ ನದಿಯ ದಂಡೆಯ ಮಾಗ್ಡೆಬರ್ಗಿನಲ್ಲಿ ಕಾರು ನುಗ್ಗಿತು. ಎರಡು ಕಡೆಯೂ ಹಬ್ಬಕ್ಕೆ ಬಂದವರು ಪ್ರಾಣ ಕಳೆದುಕೊಂಡರು. ತೆರೆದ ಚೌಕವೇ ಸಂತೆಯ ಜೀವ. ಆ ತೆರವನ್ನೇ ಕಾಯಬೇಕಾಗಿ ಬಂದಿರುವುದು ಈ ಕಾಲದ ದುಃಖ. ಆದರೂ ಮರುವರ್ಷ ಜನ ಬಂದರು. ದಿಮ್ಮಿಗಳ ನಡುವಿನ ಕಿರಿದಾದ ಹಾದಿಯಲ್ಲಿ ಮಕ್ಕಳ ಕೈ ಹಿಡಿದು ನಡೆದರು.

ನದಿಯ ಕೊನೆಯ ಮಾತು

ವಿಯೆನ್ನಾ ದಾಟಿದರೆ ಮೊರಾವಾ ನದಿಯ ಸಂಗಮ, ದೇವಿನ್ ಕೋಟೆಯ ಬಂಡೆ. ೧೯೮೯ರವರೆಗೆ ಇಲ್ಲಿ ನದಿಯೇ ಎರಡು ಲೋಕಗಳ ನಡುವಿನ ಗೋಡೆಯಾಗಿತ್ತು. ದಾಟಲು ಯತ್ನಿಸಿದವರಲ್ಲಿ ಕೆಲವರು ಪ್ರಾಣ ತೆತ್ತರು. ಇಂದು ಅದೇ ನೀರಿನ ಮೇಲೆ ಹಡಗು ತಡೆಯಿಲ್ಲದೆ ಸಾಗಿ ಬ್ರಾಟಿಸ್ಲಾವಾದ ಸಂತೆಯ ಬಳಿ ನಿಲ್ಲುತ್ತದೆ, ಮುಂದೆ ಬುಡಾಪೆಸ್ಟಿಗೆ ಹೊರಡುತ್ತದೆ.

ಬುಡಾಪೆಸ್ಟಿನ ವ್ಯೊರೊಶ್ಮಾರ್ತಿ ಚೌಕದಲ್ಲಿ ಮರದ ಕೊರಡಿಗೆ ಹಿಟ್ಟಿನ ಪಟ್ಟಿ ಸುತ್ತಿ, ಕೆಂಡದ ಮೇಲೆ ತಿರುಗಿಸುತ್ತ ಸುಟ್ಟು, ಸಕ್ಕರೆಯಲ್ಲಿಯೂ ದಾಲ್ಚಿನ್ನಿಯ ಪುಡಿಯಲ್ಲಿಯೂ ಹೊರಳಿಸಿ ಕೊಡುವ ಕ್ಯೂರ್ತೋಶ್‌ಕಲಾಚ್ ಎಂಬ ತಿನಿಸಿದೆ. ಮುರಿದರೆ ಒಳಗಿನಿಂದ ಹಬೆ ಏಳುತ್ತದೆ. ಅದನ್ನು ಕೈಯಲ್ಲಿ ಹಿಡಿದು ನದಿಯ ಕಡೆಗೆ ಇಳಿದು, ಪಾರ್ಲಿಮೆಂಟಿನ ದಿಕ್ಕಿಗೆ ದಂಡೆಯುದ್ದಕ್ಕೂ ನಡೆದರೆ ಒಂದೆಡೆ ಕಾಲು ತಾನಾಗಿ ನಿಲ್ಲುತ್ತದೆ. ಕಲ್ಲಿನ ಅಂಚಿನ ಮೇಲೆ ಸಾಲಾಗಿ ಚಪ್ಪಲಿ, ಬೂಟುಗಳು: ಗಂಡಸರವು, ಹೆಂಗಸರವು, ಪುಟ್ಟ ಮಕ್ಕಳವು. ಒಟ್ಟು ೬೦ ಜೊತೆ, ಎಲ್ಲವೂ ಕಬ್ಬಿಣದವು.

೧೯೪೪-೪೫ರ ಚಳಿಗಾಲದಲ್ಲಿ ಹಂಗೆರಿಯ ಆರೋ ಕ್ರಾಸ್ ಪಕ್ಷದ ಬಂದೂಕುಧಾರಿಗಳು ಯಹೂದಿಗಳನ್ನು ಈ ದಂಡೆಗೆ ಎಳೆತಂದು, ಪಾದರಕ್ಷೆ ಬಿಚ್ಚಿಸಿ, ನದಿಗೆ ಮುಖಮಾಡಿ ನಿಲ್ಲಿಸಿ ಗುಂಡಿಕ್ಕಿದರು. ಬೂಟುಗಳಿಗೆ ಬೆಲೆಯಿತ್ತು, ಮನುಷ್ಯರಿಗಿರಲಿಲ್ಲ. ಅವರ ನೆನಪಿಗಾಗಿ ೨೦೦೫ರಲ್ಲಿ ಜಾನ್ ತೊಗಾಯ್ ಮತ್ತು ಶಿಲ್ಪಿ ದ್ಯೂಲಾ ಪೌವರ್ ಈ ಸ್ಮಾರಕವನ್ನು ನಿರ್ಮಿಸಿದರು. ಚಳಿಗಾಲದ ಸಂಜೆಗಳಲ್ಲಿ ಯಾರೋ ಬಂದು ಆ ಬೂಟುಗಳೊಳಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಹೋಗುತ್ತಾರೆ.

ಯಾತ್ರೆ ಇಲ್ಲಿಗೆ ಮುಗಿಯುತ್ತದೆ. ಸಂತೆಯ ದೀಪ, ದಂಡೆಯ ದೀಪ ಎರಡೂ ಒಂದೇ ನದಿಯ ನೀರಿನಲ್ಲಿ ಕಾಣುತ್ತವೆ. ಒಂದನ್ನು ನೋಡಿ ಇನ್ನೊಂದಕ್ಕೆ ಕಣ್ಣು ಮುಚ್ಚುವುದು ನ್ಯಾಯವಲ್ಲ. ದುಃಖವನ್ನು ನೆನೆದು ಹಬ್ಬವನ್ನೇ ತೊರೆಯುವುದೂ ಬೇಕಾಗಿಲ್ಲ. ೧೯೪೮ರಲ್ಲಿ ಅವಶೇಷಗಳ ನಡುವೆ ಅಂಗಡಿ ಕಟ್ಟಿದವರು, ೨೦೧೯ರಲ್ಲಿ ಹುಡುಗಿಯೊಬ್ಬಳ ಪರವಾಗಿ ದನಿಯೆತ್ತಿದವರು, ರೆಗೆನ್ಸ್‌ಬರ್ಗಿನ ನೆಲಕ್ಕೆ ಬಿಳಿಯ ಕಲ್ಲು ಹಾಸಿದವರು ಈ ಎರಡನ್ನೂ ಬಲ್ಲವರು. ನಮ್ಮಲ್ಲಿ ಯಾರಾದರೂ ಎಂದಾದರೂ ಆ ಕಡೆ ಹೋದರೆ, ಅಂಗಡಿಯವನು ಕೊಡುವ ಲೇಬ್‌ಕೂಹನ್ನಿನ ಬಿಲ್ಲೆಯನ್ನು ಬಾಯಿಗಿಡುವ ಮುನ್ನ ಒಮ್ಮೆ ಮೂಸಿ ನೋಡಬೇಕು. ಅದರಲ್ಲಿ ನಮ್ಮ ಮಲೆನಾಡಿನ ಏಲಕ್ಕಿಯ ಕಂಪು ಇದ್ದೀತು. ಬಹಳ ದೂರ ನಡೆದು, ಬಹಳ ಬಾಗಿಲು ತಟ್ಟಿ, ಕೊನೆಗೆ ಒಳಗೆ ಸೇರಿಕೊಂಡ ಕಂಪು ಅದು.